ನಿಮ್ಮ ತಮ್ಮ ಜೋಳ ಅಳೆದದ್ದು

ಅಕ್ಕವ್ವಾ, ಅಣ್ಣಪ್ಪಾ, ಇದನ್ನು ನನ್ನ ಮೊಮ್ಮಕ್ಕಳಾದ ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ನೀವಿನ್ನೂ ಸಣ್ಣವರು, ಈಗ ಓದಿದರೆ ಆಟದ ನಡುವೆ ಮರೆತುಬಿಡುತ್ತೀರಿ. ದೊಡ್ಡವರಾದ ಮೇಲೆ ಓದಿರಿ. ನಾನು ಹತ್ತರಗಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ನಾಲ್ಕು ಮಂದಿಯ ಮುಂದೆ ಬಾಯಿ ತೆರೆದರೆ ನನಗೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ನಿಮ್ಮ ಅಜ್ಜ ಇರುವತನಕ ನನ್ನ ಮಾತನ್ನೂ ಅವರೇ ಆಡುತ್ತಿದ್ದರು. ಬರೆಯುವಾಗ ಯಾರೂ ಎದುರು ಕುಳಿತು ಮುಖ ನೋಡುವುದಿಲ್ಲ. ಅದಕ್ಕೇ ಬರೆಯಲು ಕುಳಿತೆ.

ನಾನು ಬರೆಯಬೇಕಾದದ್ದು ನಿಮ್ಮ ತಮ್ಮನ ವಿಷಯ. ಅವನಿಗೆ ಅಂಕಿ ತಿಳಿಯುತ್ತದೆಯೋ, ಅಕ್ಷರ ತಿಳಿಯುತ್ತದೆಯೋ ಎಂದು ನೋಡುವುದರಲ್ಲೇ ನಮ್ಮ ಮನೆಯ ಒಂದು ವರ್ಷ ಹೋಯಿತು. ಹೇಗೆ ನೋಡಿದೆವು, ಏನು ಕಂಡೆವು ಎಂಬುದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಮೂರು ವರ್ಷ ತುಂಬಿದರೂ ಅವನು ಅವ್ವ ಎಂದು ಕರೆದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಕೇಳುವುದಿಲ್ಲವೇನೋ ಎಂದುಕೊಂಡಿದ್ದೆವು. ಆದರೆ ಹಿಂದಿನ ಓಣಿಯಲ್ಲಿ ಟ್ರ್ಯಾಕ್ಟರ್ ಸದ್ದಾದರೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದ. ಒಂದು ದಿನ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕಂಕುಳಲ್ಲಿದ್ದವನು ಎದುರಿನ ಬಸ್ಸು ನೋಡಿ ಸ್ಪಷ್ಟವಾಗಿ "ಹುಕ್ಕೇರಿ" ಎಂದ. ನಾನು ಬೆಚ್ಚಿದೆ. ಮುಂದಿನ ಬಸ್ಸು ಬಂತು. "ಮೂಡಲಗಿ" ಎಂದ. ಎರಡೂ ಬೋರ್ಡನ್ನು ಸರಿಯಾಗಿ ಓದಿದ್ದ.

ಕಂಡಕ್ಟರ್ ನಕ್ಕ. "ಏ ಆಯಿ, ಇವನ್ನ ಕೆಳಗ ಇಳಸಬ್ಯಾಡ್ರಿ. ನನ್ನ ನೌಕರಿ ಕಸಗೊಂತಾನು!"

ಅಕ್ಕವ್ವಾ, ಅದು ನಿನ್ನಿಂದ ಬಂದದ್ದು. ನೀನು ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಪುಸ್ತಕ ಓದುವಾಗ ಅವನು ನಿನ್ನ ಬೆನ್ನಿಗೆ ಬೆನ್ನು ಹಚ್ಚಿ ಕುಳಿತಿರುತ್ತಿದ್ದ. ಉಳಿದದ್ದು ಮೊಬೈಲಿನಿಂದ ಬಂತು. ಕೆಲವೇ ತಿಂಗಳಲ್ಲಿ ಅಂಗಡಿಯ ಬೋರ್ಡು, ಗೊಬ್ಬರದ ಚೀಲ, ನಿಮ್ಮಪ್ಪನ ಮೋಟರ್ ರಿವೈಂಡಿಂಗ್ ಅಂಗಡಿಯ ಮೇಲಿನ ಹೆಸರು, ಕಂಡದ್ದನ್ನೆಲ್ಲ ಓದತೊಡಗಿದ. ನೂರರವರೆಗೆ ಅಂಕಿ ಹೇಳುತ್ತಿದ್ದ. ನಾವು ಬಂದವರ ಮುಂದೆಲ್ಲ ಅವನನ್ನು ಓದಿಸಿ ಹಿಗ್ಗುತ್ತಿದ್ದೆವು.

ಬಾಜೂ ಮನೆಯ ಜೈನರ ವೈನಿ ನಿಮಗೆ ಗೊತ್ತಲ್ಲ, ಆಕೆಯ ಬಾಯಿಯೂ ಗೊತ್ತು. ಮೊದಮೊದಲು ಆಕೆಯೇ ನನಗೆ ಧೈರ್ಯ ಹೇಳುತ್ತಿದ್ದಳು. "ಕಾಕೂ, ಮಾತಾಡದಿದ್ರ ಏನಾತು? ಮಾತಾಡೋ ಮಂದಿ ಊರ ತುಂಬ ಅದಾರು. ಓದಾವ್ರು ಎಷ್ಟ ಮಂದಿ ಅದಾರ ಹೇಳ್ರಿ." ಮುಂದೊಂದು ದಿನ ಅವನು ಆಕೆಯ ಮನೆಯಲ್ಲಿ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ಅಂದು ಅದೇ ಬಾಯಿ, "ಭಾಳ ದೊಡ್ಡ ಮಾಸ್ತರ ಹುಟ್ಯಾನ್ರಿ ನಿಮ್ಮ ಮನ್ಯಾಗ. ಮಾಸ್ತರಗ ಒಂದಕ್ಕ ಬಂದೈತಿ ಅಂತ ಹೇಳಾಕ ಅಷ್ಟ ಬರೂದಿಲ್ಲ" ಎಂದಿತು. ನಾನು ನೆಲ ಒರೆಸಿ, ಮಗುವನ್ನು ಎತ್ತಿಕೊಂಡು ಮನೆಗೆ ಬಂದೆ. ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಬೆಳಗಾವಿಯ ಡಾಕ್ಟರರು ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದರು. ನಿಮ್ಮವ್ವ ಎಲ್ಲ ಬಿಟ್ಟು ಒಂದೇ ಮಾತು ಕೇಳಿದಳು, "ಆದ್ರ ಸರ್, ಓದ್ತಾನಲ್ರಿ?" ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. "ಓದ್ತಾನ ಅಂತ ಹಿಗ್ಗಬ್ಯಾಡ್ರಿ. ಓದಬ್ಯಾಡ ಅಂತನೂ ಅನ್ನಬ್ಯಾಡ್ರಿ. ಅರ್ಥ ಆಗತೈತೋ ಇಲ್ಲೋ, ಅದನ್ನ ನೋಡ್ರಿ." ಹೇಗೆ ನೋಡಬೇಕು ಎಂದು ಕೇಳಲು ನಮಗೆ ತೋಚಲಿಲ್ಲ. ಹೊರಗೆ ಬೇರೆ ಮಕ್ಕಳು ಸಾಲುಗಟ್ಟಿ ಕುಳಿತಿದ್ದರು.

ನೋಡಲೇಬೇಕಾಗಿ ಬಂದದ್ದು ನಿಮ್ಮ ಸಾಲೆಯಿಂದ. ಜೂನಿನಲ್ಲಿ ಅವನನ್ನೂ ನಿಮ್ಮ ಜೊತೆಗೆ ಹಾಕಬೇಕೆಂದು ನಿಮ್ಮವ್ವನ ಆಸೆ. ಅಕ್ಕ ಒಂದು ಕೈ, ಅಣ್ಣ ಒಂದು ಕೈ ಹಿಡಿದು ಕರೆದುಕೊಂಡು ಹೋಗುವುದನ್ನು ಆಕೆ ಎಷ್ಟು ಸಲ ನನ್ನ ಮುಂದೆ ಹೇಳಿದ್ದಾಳೋ. ಸಾಲೆ ನಡೆಸುವ ದೊಡ್ಡ ಅಕ್ಕೋರು ಒರಟಾಗಿ ಮಾತಾಡಲಿಲ್ಲ. "ನೋಡ್ರಿ, ನಮ್ಮ ಕಡೆ ಇಂಥಾ ಮಕ್ಕಳನ್ನ ನೋಡ್ಕೊಳಾಕ ಬ್ಯಾರೆ ಯಾರೂ ಇಲ್ಲ. ಹೇಳಿದ್ದು ಸ್ವಲ್ಪ ತಿಳ್ಕೊಂಡು ಕೂಡತಾನ ಅಂದ್ರ ಕೂಡಸ್ರಿ. ವಿಶೇಷ ಅಕ್ಕೋರ ಕಡೆ ಒಮ್ಮೆ ತೋರ್ಸಿ ಬರ್ರಿ" ಎಂದರು. ತಿಳಿಯುವುದಿಲ್ಲ ಎಂದಾದರೆ ಇದ್ದದ್ದು ಹುಕ್ಕೇರಿಯಲ್ಲಿ ಇಂಥ ಮಕ್ಕಳಿಗೆ ದಿನವೂ ಕಲಿಸುವ ಒಂದು ಜಾಗ. ಅಲ್ಲಿಗೆ ದಿನಾ ಎರಡು ಹೊತ್ತು ಹೋಗಿಬರುವಷ್ಟು ಬಸ್ಸಿನ ಸದ್ದು ಅವನಿಗೆ ತಾಳುವುದಿಲ್ಲ. ನಿಮ್ಮವ್ವ ಅವನನ್ನು ಕರೆದುಕೊಂಡು ಹುಕ್ಕೇರಿಯಲ್ಲೇ ಬಾಡಿಗೆ ಖೋಲಿ ಮಾಡಬೇಕು, ನೀವಿಬ್ಬರೂ ಇಲ್ಲಿ ನನ್ನ ಬಳಿ ಇರಬೇಕು. ಅವನು ಅಂಕಿ ತಿಳಿದಿದ್ದಾನೋ ಇಲ್ಲವೋ ಎಂಬುದರ ಮೇಲೆ ನಮ್ಮ ಮನೆ ಒಂದಾಗಿ ಉಳಿಯುವುದು ನಿಂತಿತ್ತು.

ಅದೇ ದಿನಗಳಲ್ಲಿ ನಾನು ಅವನನ್ನು ನಾಗನೂರಿನ ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ಈಗ ಎಲ್ಲರೂ ಕಾಳು ತೂಕ ಮಾಡುತ್ತಾರೆ. ಆದರೆ ನಮ್ಮ ಹೊಲ ಪಾಲಿಗೆ ಮಾಡುವವನು ಹಳೆಯ ಮನುಷ್ಯ. ಮನೆಗೆ ತಿನ್ನುವ ಜೋಳವನ್ನು ನಿಮ್ಮ ಅಜ್ಜನ ಕಾಲದಂತೆ ಸೇರಿನಲ್ಲೇ ಅಳೆದು ಕೊಡುತ್ತಾನೆ. ಸೇರಿನಿಂದ ಅಳೆಯುವುದನ್ನು ನೀವು ನೋಡಿಲ್ಲ, ಹೇಳುತ್ತೇನೆ. ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಒಂದು ಸೇರು ಚೀಲಕ್ಕೆ ಸುರಿದ ಮೇಲೆ ಮುಂದಿನ ಸೇರು ತುಂಬಿ ಸುರಿಯುವವರೆಗೆ ಅದೇ ಅಂಕಿಯನ್ನು ಬಿಡದೆ ಅನ್ನುತ್ತಲೇ ಇರಬೇಕು. ಲಾಭ ಲಾಭ ಲಾಭ ಲಾಭ, ಎರಡ ಎರಡ ಎರಡ ಎರಡ, ಮೂರ ಮೂರ ಮೂರ. ನಡುವೆ ಯಾರಾದರೂ ಮಾತಾಡಿಸಿದರೂ ಲೆಕ್ಕ ತಪ್ಪಬಾರದೆಂದು ಅಂಕಿಯನ್ನು ಬಾಯಲ್ಲೇ ಹಿಡಿದಿಟ್ಟುಕೊಳ್ಳುವ ಪದ್ಧತಿ.

ನಿಮ್ಮ ತಮ್ಮ ಕಿವಿ ಮುಚ್ಚಿಕೊಂಡು ನನ್ನ ಸೆರಗಿನ ಹಿಂದಿದ್ದ. ಅಳೆಯುವುದು ಶುರುವಾದ ಮೇಲೆ ಕೈ ಕೆಳಗಿಳಿಸಿದ. ರಾಶಿಯ ಬಳಿ ಹೋಗಿ ಕುಳಿತ. ಆಮೇಲೆ ಆ ಮನುಷ್ಯನ ದನಿಯೊಳಗೆ ದನಿ ಸೇರಿಸಿ, ಸೇರು ಸುರಿದಾಗ ಸರಿಯಾಗಿ ಅಂಕಿ ಬದಲಿಸುತ್ತ, ಕೊನೆಯವರೆಗೂ ಹೇಳಿದ.

"ಯಕ್ಕಾ, ಇವನ್ನ ನನ್ನ ಕಡೆ ಬಿಟ್ಟ ಹೋಗ್ರಿ" ಎಂದ ಆ ಮನುಷ್ಯ. "ನನ್ನ ಮೊಮ್ಮಕ್ಕಳು ಎರಡ ಸೇರ ಎಣಸಿದ ಮ್ಯಾಲ ಮೊಬೈಲ್ ನೋಡ್ತಾವು."

ಅಂದಿನಿಂದ ಸಂಜೆಯಾದರೆ ಅದೇ ನಮ್ಮಿಬ್ಬರ ಆಟ. ಮೊರದ ತುಂಬ ಜೋಳ, ಅಡುಗೆ ಮನೆಯಲ್ಲಿ ಕಾಳು ಅಳೆಯುವ ಪಾವಸೇರು, ಒಂದು ಚೀಲ. ಅವನು ತುಂಬಿ ಸುರಿಯುವನು, ನಾನು ಚೀಲದ ಬಾಯಿ ಹಿಡಿಯುವೆನು. ಐದು ಎಂದರೆ ಐದಕ್ಕೆ, ಎಂಟು ಎಂದರೆ ಎಂಟಕ್ಕೆ ನಿಲ್ಲುತ್ತಿದ್ದ. ನಾನು ನಿಮ್ಮವ್ವನನ್ನು ಕರೆದು ತೋರಿಸಿದೆ. "ನೋಡ, ಇವಗ ಲೆಕ್ಕ ತಿಳಿತೈತಿ. ಬರೇ ಬಾಯಿಪಾಠ ಅಲ್ಲ." ರೊಟ್ಟಿ ಹಿಟ್ಟು ಹತ್ತಿದ ಕೈಯಲ್ಲೇ ಆಕೆ ಅವನ ತಲೆ ಹಿಡಿದು ಮುದ್ದು ಕೊಟ್ಟಳು. ಅವನು ಮುಖ ಒರೆಸಿಕೊಂಡು ಮತ್ತೆ ಅಳೆಯಲು ಹೋದ.

ಇಂಥ ಮಕ್ಕಳಿಗೆ ಕಲಿಸುವ ವಿಶೇಷ ಅಕ್ಕೋರು ವಾರಕ್ಕೊಮ್ಮೆ ಗೋಕಾಕದ ಒಂದು ಸಾಲೆಯ ಖೋಲಿಯಲ್ಲಿ ಮಕ್ಕಳನ್ನು ನೋಡುತ್ತಿದ್ದರು. ಇನ್ನೂ ಸಣ್ಣ ವಯಸ್ಸು. ಚಾಪೆಯ ಮೇಲೆ ಅವನ ಎದುರು ಕುಳಿತು ಐದು ಹುಣಸೆ ಬೀಜ ಇಟ್ಟರು. "ಎಣಸಪಾ ರಾಜಾ." ಅವನು ಒಂದು ಬೀಜ ಸರಿಸಿ, "ಲಾಭ ಲಾಭ ಲಾಭ ಲಾಭ" ಎಂದ. ಇನ್ನೊಂದು ಸರಿಸಿ, "ಎರಡ ಎರಡ ಎರಡ."

ಅಕ್ಕೋರು ಏನೋ ಬರೆದುಕೊಂಡರು. "ಅಂದದ್ದನ್ನ ಮತ್ತ ಮತ್ತ ಅಂತಾನ್ರಿ. ಎಣಸಾಕತ್ತಿಲ್ಲ. ಒಂದು ಅನ್ನೂದು ಅಂತೂ ಗೊತ್ತ ಇಲ್ಲ."

ನಾನು ನಿಮ್ಮವ್ವನ ಕಿವಿಗೆ ಬಾಯಿ ಹಚ್ಚಿದೆ. "ರಾಶಿ ಅಳಿಯೂ ರೀತಿ ಅನ್ನಾಕತ್ತಾನ. ಹೇಳ ಅವ್ರಿಗೆ."

"ನೀವ ಹೇಳ್ರಿ ಅತ್ತಿ."

"ನಾ ಒಲ್ಲೆ. ನೀ ಹೇಳ."

ಅಕ್ಕೋರು ನಕ್ಕರು. "ಏನ್ರಿ ಆಯಿ, ಅತ್ತಿ ಸೊಸಿ ಗುಸುಗುಸು? ನನ್ನ ಬೈಯಾಕತ್ತೀರೇನ?"

ಕೊನೆಗೆ ನಾನೇ ಹೇಳಿದೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ನೆಲ ನೋಡುತ್ತ ಹೇಳಿದೆ. ಲಾಭ ಎಂದರೆ ಒಂದು, ಅಂಕಿ ಹಿಡಿದಿಡುವುದು ತಪ್ಪಲ್ಲ, ಅದೇ ಸರಿಯಾದ ರೀತಿ ಎಂದೆ. ಅಕ್ಕೋರು ಪೂರ್ತಿ ಕೇಳಿದರು. ಬರೆದದ್ದನ್ನು ಹೊಡೆದುಹಾಕಿದರು. "ಇದು ನನಗ ಗೊತ್ತಿರಲಿಲ್ಲ ಆಯಿ. ಹಂಗಾದ್ರ ಇಂವ ಬೀಜಕ್ಕ ಸರಿಯಾಗಿ ಅಂಕಿ ಬದಲಿ ಮಾಡ್ಯಾನು. ಮುಂದಿನ ವಾರ ಜ್ವಾಳ, ಪಾವಸೇರು ತಗೊಂಡ ಬರ್ರಿ. ಇವನ ರೀತಿಯಿಂದನ ನೋಡೂಣು" ಎಂದರು.

ಬರುವಾಗ ನಿಮ್ಮವ್ವ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಆ ವಾರದ ನಡುವೆ ನಾನು ಹತ್ತರಗಿಗೆ ತವರುಮನೆಯ ಒಂದು ಕಾರ್ಯಕ್ಕೆ ಹೋಗುವುದಿತ್ತು. ಅವನನ್ನೂ ಕರೆದುಕೊಂಡು ಹೊರಟೆ. ಬಿಸಿಲು ಸುಡುತ್ತಿತ್ತು, ಬಸ್ಸು ಬರಲು ತಡವಾಯಿತು. ಅವನು ಅಳತೊಡಗಿದ. ನನ್ನ ಹೆಗಲಿಗೆ ಹಣೆ ಹೊಡೆದುಕೊಳ್ಳುತ್ತಿದ್ದ. ಸಮಾಧಾನ ಮಾಡಲು ಎತ್ತಿಕೊಂಡೇ ಅತ್ತಿಂದಿತ್ತ ತಿರುಗಾಡಿದೆ. ನೀರಿನ ಟಾಕಿಯ ಬಳಿ ಬಂದಾಗ ಅಳುತ್ತಲೇ, "ಕುಡಿಯುವ ನೀರು" ಎಂದ.

ಆ ಗಳಿಗೆಯನ್ನು ನಾನು ಹೇಗೆ ಬರೆಯಲಿ? ಮಗು ಮೊದಲ ಸಲ ಬಾಯಿಬಿಟ್ಟು ಬೇಕಾದದ್ದನ್ನು ಕೇಳಿತು ಎಂದುಕೊಂಡೆ. ಲೋಟ ತುಂಬಿ ಕೊಟ್ಟೆ. ಗಟಗಟ ಕುಡಿದ. ನಿಜವಾಗಿಯೂ ನೀರಡಿಸಿದ್ದ. ನಾನು ಅಲ್ಲೇ ನಿಂತು ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಅವನು ಮತ್ತೆ ಟಾಕಿ ನೋಡಿ ಅದೇ ದನಿಯಲ್ಲಿ, "ಕುಡಿಯುವ ನೀರು" ಎಂದ. ಇನ್ನೊಂದು ಲೋಟ ಕೊಟ್ಟೆ, ನೂಕಿದ. ಆಮೇಲೆ ಪಕ್ಕದ ಗೋಡೆ ನೋಡಿ, "ಪುರುಷರು" ಎಂದ. ಆಚೆ ನೋಡಿ, "ಮಹಿಳೆಯರು" ಎಂದ. ಕಣ್ಣಿಗೆ ಬಿದ್ದದ್ದನ್ನು ಓದುತ್ತಿದ್ದ, ಅಷ್ಟೇ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಬಸ್ಸಿನಲ್ಲಿ ಅವನ ತುಟಿ ಮತ್ತೆ ಒಣಗಿತು. ಮತ್ತೆ ಅಳು. ಬಾಟಲಿ ನನ್ನ ಚೀಲದಲ್ಲೇ ಇತ್ತು. ಕೊಡದೆ ಸ್ವಲ್ಪ ಹೊತ್ತು ಕಾದೆ. ನೀರು ಎಂದು ಒಂದು ಸಲ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನಿಗೆ ಆ ಅಕ್ಷರ ಬರುತ್ತಿತ್ತು, ಆ ಶಬ್ದ ಬರುತ್ತಿತ್ತು, ನೀರಡಿಕೆಯೂ ಆಗಿತ್ತು. ಮೂರೂ ಒಂದಕ್ಕೊಂದು ಗುರುತಿಲ್ಲದವರಂತೆ ಒಂದೇ ಮೈಯಲ್ಲಿ ಕುಳಿತಿದ್ದವು. ಅಳು ನೋಡಲಾಗದೆ ಬಾಟಲಿ ತೆಗೆದುಕೊಟ್ಟೆ. ಈ ವಿಷಯ ಮನೆಯಲ್ಲಿ ಹೇಳಲಿಲ್ಲ. ನಿಮ್ಮವ್ವ ಆ ವಾರ ನಗುನಗುತ್ತ ಇದ್ದಳು.

ಹೇಳಿದ ದಿನ ಜೋಳ ಒಯ್ದೆವು. ಅಕ್ಕೋರು ಬಟ್ಟೆ ಹಾಸಿ ರಾಶಿ ಮಾಡಿಸಿದರು. ನಾನು ಎಂದಿನಂತೆ ಚೀಲ ಹಿಡಿದು ಕುಳಿತೆ. "ಐದು" ಎಂದೆ. ಲಾಭದಿಂದ ಶುರುಮಾಡಿ ಐದಕ್ಕೆ ಬಂದು ನಿಂತ. ಅಕ್ಕೋರು ಚಪ್ಪಾಳೆ ತಟ್ಟಿದರು. "ಶಾಬ್ಬಾಸ್! ಆಯಿ, ಈಗ ನೀವು ಬಾಗಲದಾಚೆ ಕೂಡ್ರಿ. ಚೀಲ ನಾ ಹಿಡಿತೇನಿ."

ನಾನು ಬಾಗಿಲ ಹೊರಗೆ ಕುಳಿತು ಒಳಗೆ ನೋಡುತ್ತಿದ್ದೆ. ಅಕ್ಕೋರು "ಮೂರು ಕೊಡಪಾ" ಎಂದರು. ಅವನು ಸುರಿದ. ಲಾಭ. ಎರಡು. ಮೂರು. ಮೂರ ಮೂರ ಮೂರ ಎನ್ನುತ್ತ ಪಾವಸೇರು ಮತ್ತೆ ತುಂಬಿದ. ನಾಲ್ಕು ಎಂದ. "ಮೂರು ಸಾಕು" ಎಂದರು ಅಕ್ಕೋರು. ಐದು ಎಂದ. ರಾಶಿ ಮುಗಿಯುವವರೆಗೂ ಸುರಿದ. ಮುಗಿದ ಮೇಲೆ ಖಾಲಿ ಪಾವಸೇರು ಕೈಯಲ್ಲಿ ಹಿಡಿದು, ಕೊನೆಯ ಅಂಕಿಯನ್ನೇ ಅನ್ನುತ್ತ ಕುಳಿತ. ನಿಲ್ಲಿಸಲೇ ಇಲ್ಲ. ಅಕ್ಕೋರು ಜೋಳ ಮತ್ತೆ ರಾಶಿ ಮಾಡಿದರು, ಎರಡು ಕೇಳಿದರು. ಮತ್ತೆ ಹಾಗೆಯೇ ಆಯಿತು.

ಅವರು ನನ್ನನ್ನು ಒಳಗೆ ಕರೆದರು. ದನಿ ತೀರ ಸಣ್ಣದಾಗಿತ್ತು. "ಆಯಿ, ಮನ್ಯಾಗ ಐದಕ್ಕ ಬಂದ ಕೂಡ್ಲೆ ನೀವು ಏನ್ ಮಾಡ್ತಿದ್ರಿ?"

"ಏನಿಲ್ರಿ. ಚೀಲ ಹಿಡಿತಿದ್ದೆ ಅಷ್ಟ."

"ಈಗ ಕೂಡ ಐದು ಆದ ಮ್ಯಾಲ ಚೀಲದ ಬಾಯಿ ಮುಚ್ಚಿದ್ರಿ. ನಾ ನೋಡಿದೆ."

ಹೌದು, ಮುಚ್ಚಿದ್ದೆ. ಸಾಕಾದಾಗ ಚೀಲದ ಬಾಯಿ ಕೂಡಿಸಿ ಹಿಡಿಯುವುದು ಕೈಗೆ ರೂಢಿ. ನಿಮ್ಮ ಅಜ್ಜ ಅಳೆಯುವಾಗಲೂ ಹಾಗೇ ಹಿಡಿಯುತ್ತಿದ್ದೆ. ಅಳೆಯುವವನು ಎಣಿಸಬೇಕು, ಚೀಲ ಹಿಡಿದವರು ಬಾಯಿ ಮುಚ್ಚಬೇಕು. ಇಷ್ಟು ದಿನ ನಮ್ಮ ಆಟದಲ್ಲಿ ಎಣಿಸಿದವಳು ನಾನೇ.

ಆಮೇಲೆ ಅಕ್ಕೋರು ಕಾಗದದ ತುಂಡುಗಳ ಮೇಲೆ ಚೆಂಡು, ಲೋಟ, ಬಾಳೆಹಣ್ಣು ಎಂದು ಬರೆದು ತೋರಿಸಿದರು. ಎಲ್ಲವನ್ನೂ ಓದಿದ. ಆ ಮೂರು ವಸ್ತುಗಳನ್ನೂ ಮುಂದಿಟ್ಟು, ಓದಿದ್ದನ್ನು ಎತ್ತಿಕೊಡು ಎಂದರು. ಅವನು ಕಾಗದದ ತುಂಡುಗಳನ್ನು ತೆಗೆದುಕೊಂಡು ಚಾಪೆಯ ಅಂಚಿಗೆ ಸಾಲಾಗಿ ಜೋಡಿಸಿದ. ಬಾಳೆಹಣ್ಣು ಅವನಿಗೆ ಬಲು ಇಷ್ಟ, ನಿಮಗೆ ಗೊತ್ತು. ಅದು ಅಲ್ಲೇ ಇತ್ತು.

"ಅಂಕಿ ಬಾಯಾಗ ಅದಾವ್ರಿ. ಎಷ್ಟು ಅನ್ನೂದು ಇನ್ನೂ ಬಂದಿಲ್ಲ" ಎಂದರು ಅಕ್ಕೋರು. "ಅಕ್ಷರನೂ ಹಂಗ. ಮುಂದ ಬರೂದ ಇಲ್ಲ ಅಂತ ನಾ ಹೇಳಂಗಿಲ್ಲ. ಬರತೈತಿ ಅಂತ ಹೇಳಾಕೂ ನನ್ನ ಕಡೆ ಆಗಂಗಿಲ್ಲ. ನನಗ ಗೊತ್ತಿಲ್ರಿ."

ನಿಮ್ಮವ್ವ ಜೋಳ ಗಂಟು ಕಟ್ಟಿದಳು. ನೆಲದ ಮೇಲೆ ಚೆಲ್ಲಿದ್ದ ಕಾಳನ್ನೂ ಬಿಡದೆ ಆಯ್ದಳು.

ಮನೆಗೆ ಬಂದ ಮೇಲೆ ಮೊದಲ ಸಲ ಆಕೆ ನನ್ನ ಮೇಲೆ ದನಿ ಎತ್ತಿದಳು. "ನಾ ಬಿಟ್ಟಿದ್ದೆ ಅತ್ತಿ. ದೊಡ್ಡ ಅಕ್ಕೋರು ಹೇಳಿದ ದಿನಾನ ಆಸೆ ಬಿಟ್ಟಿದ್ದೆ. ಮತ್ತ ಹಚ್ಚಿದಾವ್ರು ನೀವು."

ನಿಮ್ಮಪ್ಪ ಉಣ್ಣುವುದನ್ನು ಬಿಟ್ಟು, "ಅವ್ವ ಏನ್ ಬೇಕಂತ ಮಾಡ್ಯಾಳೇನ? ಸುಮ್ನಾಗ" ಎಂದ.

"ಸುಮ್ನ ಅದೇನಲ್ಲ! ಅಂವನೂ ಸುಮ್ನ ಅದಾನು, ನಾನೂ ಸುಮ್ನ ಅದೇನಿ. ಎಲ್ಲಾರೂ ಸುಮ್ನ ಕೂಡೂಣು."

ನಾನು ಜೋಳದ ಗಂಟು ಬಿಚ್ಚಿ ಕಾಳನ್ನು ಡಬ್ಬಿಗೆ ಸುರಿದೆ.

ಆಗ ಅಕ್ಕವ್ವಾ, ನೀನು ಒಂದು ಹಾಳೆಯಲ್ಲಿ ನಿನ್ನ ಹೆಸರು ದೊಡ್ಡದಾಗಿ ಬರೆದು ಅವನ ಮುಂದೆ ಹಿಡಿದೆ. ಅವನು ಓದಿದ. ನೀನು ಹಾಳೆ ಕೆಳಗಿಟ್ಟು, "ಯಾರದು? ತೋರ್ಸ. ಎಲ್ಲಿ ಅದಾಳ?" ಎಂದೆ. ಅವನು ನಿನ್ನ ಹೆಗಲ ಮೇಲಿಂದ ಗೋಡೆ ನೋಡುತ್ತಿದ್ದ. ನೀನು ಅವನ ಗದ್ದ ಹಿಡಿದು ನಿನ್ನತ್ತ ತಿರುಗಿಸಿದೆ. ಕಣ್ಣು ಮಾತ್ರ ತಿರುಗಲಿಲ್ಲ. "ಆಯಿ, ನನ್ನ ಹೆಸರ ಗೊತ್ತೈತಿ ಇವಗ. ನಾ ಗೊತ್ತಿಲ್ಲ" ಎಂದು ನೀನು ನನ್ನ ಬಳಿ ಬಂದು ಹೇಳಿದೆ. ಡಾಕ್ಟರರೂ ಅಕ್ಕೋರೂ ಇಷ್ಟು ದಿನ ತಿಳಿಸಲು ನೋಡಿದ್ದು ನನಗೆ ಆಗ ತಿಳಿಯಿತು. ತಿಳಿಯದೆ ಇದ್ದರೆ ಚೆನ್ನಾಗಿತ್ತು.

ಜೂನಿನಲ್ಲಿ ನಿಮ್ಮವ್ವ ಅವನನ್ನು ಕರೆದುಕೊಂಡು ಹುಕ್ಕೇರಿಗೆ ಹೋದಳು. ಅಣ್ಣಪ್ಪಾ, ಆ ದಿನ ನೀನು ಸಾಲೆಯಿಂದ ಬಂದು ಅಡುಗೆ ಮನೆಯಲ್ಲಿ ನನ್ನನ್ನು ನೋಡಿ, "ನೀ ಯಾಕ ರೊಟ್ಟಿ ಮಾಡಾಕತ್ತಿ?" ಎಂದು ಸಿಟ್ಟಾದೆ. ರವಿವಾರ ನಿಮ್ಮಪ್ಪ ಅವರಿಬ್ಬರನ್ನು ಗಾಡಿಯ ಮೇಲೆ ಕರೆತರುತ್ತಾನೆ. ಬೇರೆ ದಿನ ನಿಮ್ಮ ಜಡೆ ಹೆಣೆಯುವುದು, ಗುಂಡಿ ಹಾಕುವುದು ನನ್ನ ಕೆಲಸ. ನಿಮ್ಮವ್ವ ಹೆಣೆದ ಹಾಗೆ ಜಡೆ ನನಗೆ ಬರುವುದಿಲ್ಲ. ಅಕ್ಕವ್ವಾ, ನೀನು ಬಾಯಿಬಿಟ್ಟು ಅನ್ನುವುದಿಲ್ಲ, ಕನ್ನಡಿಯ ಮುಂದೆ ನಿಂತು ಮತ್ತೆ ಬಿಚ್ಚಿ ಕಟ್ಟಿಕೊಳ್ಳುತ್ತೀ.

ನಾನು ಒಮ್ಮೆ ಹುಕ್ಕೇರಿಗೆ ಹೋಗಿ ಅವನು ಕಲಿಯುವ ಜಾಗ ನೋಡಿ ಬಂದೆ. ಅಲ್ಲಿ ಅವನ ಮುಂದೆ ಅಂಕಿಯನ್ನೂ ಇಡುವುದಿಲ್ಲ, ಅಕ್ಷರವನ್ನೂ ಇಡುವುದಿಲ್ಲ. ಚುರುಮುರಿ ಇನ್ನಷ್ಟು ಬೇಕಾದರೆ ಬಟ್ಟಲನ್ನು ಎದುರಿನವರತ್ತ ಚಾಚಬೇಕು, ಅದನ್ನೇ ಕಲಿಸುತ್ತಾರೆ. ಅವನು ಬಟ್ಟಲು ಎಸೆದ. ಅವರು ಎತ್ತಿಕೊಟ್ಟರು. ಮತ್ತೆ ಎಸೆದ. ನಿಮ್ಮವ್ವ ಗೋಡೆಗೆ ಒರಗಿ ನೋಡುತ್ತಿದ್ದಳು. ಬಹಳ ಬಡವಾಗಿದ್ದಾಳೆ. "ಇದಾದ್ರೂ ಬರಲಿ ಅತ್ತಿ, ಸಾಕು" ಎಂದಳು. ಅದೂ ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಈಚೆಗೆ ಅವನು ಓದುವುದೂ ಕಡಿಮೆಯಾಗಿದೆ. ಬಸ್ಸು ನೋಡಿದರೂ ಸುಮ್ಮನಿರುತ್ತಾನೆ.

ಬಾಜೂ ವೈನಿ ಈಗಲೇ, "ಅಲ್ಲಿ ಹಾಕಿ ಕೆಡಿಸಿದ್ರಿ ಕಾಕೂ, ಎಷ್ಟ ಶಾಣ್ಯಾ ಇದ್ದ" ಎನ್ನುತ್ತಾಳೆ. ಇನ್ನೊಬ್ಬರು, ಅವನಿಗೆ ಮೊದಲಿನಿಂದ ಏನೂ ತಿಳಿಯುತ್ತಲೇ ಇರಲಿಲ್ಲ ಎನ್ನುತ್ತಾರೆ. ನಾನು ಹೋಗುತ್ತೇನೆ, ನಿಮ್ಮವ್ವನೂ ಅಪ್ಪನೂ ಒಂದು ದಿನ ಹೋಗುತ್ತಾರೆ. ಆಮೇಲೆ ಅವನ ಪರವಾಗಿ ಮಾತಾಡಲು ಇರುವವರು ನೀವಿಬ್ಬರೇ. ಆಗ ಯಾರಾದರೂ ಡಾಕ್ಟರರೋ ಮಾಸ್ತರರೋ, ಇವನು ಸಣ್ಣವನಿದ್ದಾಗ ಏನು ತಿಳಿಯುತ್ತಿತ್ತು ಎಂದು ನಿಮ್ಮನ್ನು ಕೇಳುತ್ತಾರೆ. ನೀವು ಮರೆತಿರುತ್ತೀರಿ. ಇಲ್ಲವೇ ಅವನ ಮೇಲಿನ ಅಂತಃಕರಣದಿಂದ ಒಂದಕ್ಕೆ ಎರಡು ಸೇರಿಸಿ ಹೇಳುತ್ತೀರಿ. ಹಾಗೆ ಮಾಡಬೇಡಿರಿ, ಅದರಿಂದ ಅವನಿಗೆ ಉಪಯೋಗವಿಲ್ಲ. ಇಲ್ಲಿ ಬರೆದಷ್ಟನ್ನೇ ಹೇಳಿರಿ. ಅದಕ್ಕಾಗಿ ಈ ಹಾಳೆಗಳು ಬೇಕು. ಇವನ್ನು ಟ್ರಂಕಿನ ತಳದಲ್ಲಿ, ಗೆದ್ದಲು ಹತ್ತದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡುತ್ತೇನೆ. ಮನೆ ಸಾರಿಸುವಾಗ ರದ್ದಿಯವನಿಗೆ ಹಾಕಬೇಡಿರಿ. ಇಬ್ಬರಲ್ಲಿ ಯಾರ ಬಳಿ ಅವನಿರುತ್ತಾನೋ, ಇವೂ ಅವರ ಬಳಿ ಇರಲಿ.